ಫ್ರೆಂಚ್ ಅರಮನೆಯ ಹೊಳೆಯುವ ಪೀಠೋಪಕರಣ: ಅದು ಗಟ್ಟಿ ಚಿನ್ನವೇ?

ಫ್ರಾನ್ಸ್‌ನ ‘ಬೂಲ್’ ಶೈಲಿಯ ಮೇಜು, ಕಪಾಟುಗಳ ಫೋಟೊ ನೋಡಿದವರಿಗೆ ಎರಡು ಅನುಮಾನ ಬರುವುದು ಸಹಜ. ಆ ಹೊಳಪು ಗಟ್ಟಿ ಚಿನ್ನದ್ದೇ? ಕಪ್ಪು-ಕೆಂಪು ನುಣುಪು ಅರಗಿನದ್ದೇ? ಎರಡೂ ಅಲ್ಲ. ಯಾಕೆಂದು ತಿಳಿಯಲು ಆ ಶೈಲಿಗೆ ಹೆಸರು ಕೊಟ್ಟವನ ಬದುಕನ್ನೇ ನೋಡೋಣ.

ಯಾರು ಈ ಬೂಲ್?

ಆಂದ್ರೆ-ಶಾರ್ಲ್ ಬೂಲ್ ಹುಟ್ಟಿದ್ದು 1642ರಲ್ಲಿ, ಪ್ಯಾರಿಸ್‌ನಲ್ಲಿ. 1672ರಲ್ಲಿ 14ನೇ ಲೂಯಿ ದೊರೆ ಆತನಿಗೆ ಲೂವ್ರ್ ಅರಮನೆಯಲ್ಲೇ ವಾಸಕ್ಕೆ ಜಾಗ ಕೊಟ್ಟ. ಆ ಕಾಲದ ಕಸುಬುದಾರರ ಸಂಘಗಳ ಪ್ರಕಾರ ಮರದ ಕೆಲಸದವನು ಲೋಹದ ಕೆಲಸ ಮಾಡುವಂತಿರಲಿಲ್ಲ. ದೊರೆಯ ಆಶ್ರಯದಲ್ಲಿದ್ದ ಬೂಲ್‌ಗೆ ಆ ಕಟ್ಟುಪಾಡು ಇರಲಿಲ್ಲ. ಹಾಗಾಗಿ ಮರ, ಕಂಚು ಎರಡೂ ಒಂದೇ ಕಾರ್ಖಾನೆಯಲ್ಲಿ ಸಿದ್ಧವಾದವು.

ಹೊಳಪಿನ ಗುಟ್ಟು

ನುಣುಪಾಗಿ ಕಾಣುವುದು ಕಡಲಾಮೆಯ ಚಿಪ್ಪು. ಚಿಪ್ಪು ಮತ್ತು ಹಿತ್ತಾಳೆಯ ತೆಳು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಸಣ್ಣ ಗರಗಸದಿಂದ ಒಟ್ಟಿಗೆ ಕತ್ತರಿಸಿ, ತುಂಡುಗಳನ್ನು ಅದಲುಬದಲಾಗಿ ಜೋಡಿಸುತ್ತಿದ್ದರು. ಈ ವಿಧಾನವನ್ನು ಕಂಡುಹಿಡಿದವನು ಬೂಲ್ ಅಲ್ಲ, ಉತ್ತುಂಗಕ್ಕೆ ಒಯ್ದವನು. ಕೆಂಪು ಬಣ್ಣ ಬೇಕಿದ್ದರೆ ಚಿಪ್ಪಿನ ಅಡಿಗೆ ಬಣ್ಣ ಬಳಿಯುತ್ತಿದ್ದರು.

ಅಂಚಿನ ‘ಚಿನ್ನ’ ನಿಜಕ್ಕೂ ಕಂಚು. ಚಿನ್ನವನ್ನು ಪಾದರಸದಲ್ಲಿ ಕಲಸಿ, ಕಂಚಿಗೆ ಹಚ್ಚಿ ಕಾಯಿಸಿದರೆ ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನದ ತೆಳು ಪದರ ಉಳಿಯುತ್ತದೆ. ಆ ಆವಿ ವಿಷ. ದಿನವೂ ಉಸಿರಾಡಿದರೆ ಕೈ ನಡುಕ, ನರದ ತೊಂದರೆ ಬರುತ್ತವೆ. ಅರಮನೆಯ ಹೊಳಪಿಗೆ ಬೆಲೆ ತೆತ್ತದ್ದು ಗಿಲೀಟು ಕೆಲಸಗಾರರ ಆರೋಗ್ಯ.

ದೊರೆಯ ಬಡಗಿ, ತೀರದ ಸಾಲ

1708-09ರಲ್ಲಿ ಟ್ರಿಯಾನನ್ ಅರಮನೆಗೆ ಬೂಲ್ ಮಾಡಿಕೊಟ್ಟ ಜೋಡಿ ಕಪಾಟುಗಳು ಇಂದಿಗೂ ವರ್ಸೇಲ್ಸ್‌ನಲ್ಲಿವೆ. ಆದರೆ ಆತನ ಕೈಯಲ್ಲಿ ಹಣ ನಿಲ್ಲಲಿಲ್ಲ. ದೊಡ್ಡ ಕಲಾವಿದರ ಚಿತ್ರಗಳನ್ನು ಕೊಳ್ಳುವ ಹುಚ್ಚು ಸಾಲಕ್ಕೆ ನೂಕಿತು. 1720ರಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದು ರಾಫೆಲ್‌ನ ರೇಖಾಚಿತ್ರಗಳೂ ಸೇರಿ ಸಂಗ್ರಹದ ಬಹುಪಾಲು ಸುಟ್ಟುಹೋಯಿತು. 1732ರಲ್ಲಿ, 90ರ ಹೊಸ್ತಿಲಲ್ಲಿ, ಸಾಲ ತೀರಿಸದೆಯೇ ಬೂಲ್ ತೀರಿಕೊಂಡ.

ನೆನಪಿಡಿ

‘ಬೂಲ್’ ಎಂದರೆ ಇಂದು ಒಂದು ಶೈಲಿಯ ಹೆಸರು. ಆತ ತನ್ನ ಕೆಲಸಕ್ಕೆ ಹೆಸರಿನ ಮುದ್ರೆ ಒತ್ತುತ್ತಿರಲಿಲ್ಲ. 19ನೇ ಶತಮಾನದಲ್ಲಿ ಇದೇ ಮಾದರಿಯ ನಕಲುಗಳು ಬೇಕಾದಷ್ಟು ಬಂದವು. ಆದ್ದರಿಂದ ಹೆಸರು ನೋಡಿ ಬೆಲೆ ಕಟ್ಟಬೇಡಿ. ಕಡಲಾಮೆ ಚಿಪ್ಪಿನ ವ್ಯಾಪಾರ ಭಾರತದಲ್ಲಿ ಅಪರಾಧ. ಪಾದರಸವನ್ನಂತೂ ಮನೆಯಲ್ಲಿ ಎಂದಿಗೂ ಕಾಯಿಸಬೇಡಿ.