ತಿಮ್ಮೋಜ

ತಿಮ್ಮೋಜನು (ತಿಮ್ಮಯ್ಯ ಎಂಬ ಹೆಸರೂ ಬಳಕೆಯಲ್ಲಿದೆ) 15ನೆಯ ಶತಮಾನದ ಕೊನೆ ಹಾಗೂ 16ನೆಯ ಶತಮಾನದ ಆರಂಭದಲ್ಲಿ ಹೊನ್ನಾವರವನ್ನು ನೆಲೆಯಾಗಿ ಮಾಡಿಕೊಂಡಿದ್ದ ನೌಕಾದಳದ ನಾಯಕ. ವಿಜಯನಗರ ಸಾಮ್ರಾಜ್ಯದ ಅಧೀನದಲ್ಲಿದ್ದ ಕರಾವಳಿಯ ಅರಸರ ಆಶ್ರಯದಲ್ಲಿ ಈತ ಹಡಗುಗಳನ್ನು ನಡೆಸುತ್ತಿದ್ದನು. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ದ ಅಲ್ಬುಕರ್ಕ್ ಗೋವೆಯನ್ನು ಗೆದ್ದುಕೊಳ್ಳಲು ಈತನ ಸಲಹೆ ಮತ್ತು ಸೈನಿಕ ನೆರವು ಮುಖ್ಯ ಕಾರಣವಾದವು. ತಿಮ್ಮೋಜನನ್ನು ಕೆಲವರು ಕಡಲ್ಗಳ್ಳನೆಂದೂ, ಕೆಲವರು ವಿಜಯನಗರದ ನಿಷ್ಠಾವಂತ ನೌಕಾಧಿಪತಿಯೆಂದೂ, ಮತ್ತೆ ಕೆಲವರು ಪರಕೀಯರಿಗೆ ಬಾಗಿಲು ತೆರೆದವನೆಂದೂ ಚಿತ್ರಿಸಿದ್ದಾರೆ.

ಹಿನ್ನೆಲೆ

ವಿಜಯನಗರದ ಸೈನ್ಯಕ್ಕೆ ಉತ್ತಮ ತಳಿಯ ಕುದುರೆಗಳು ಅತ್ಯಗತ್ಯವಾಗಿದ್ದವು. ಇವು ಅರೇಬಿಯಾ ಮತ್ತು ಪರ್ಷಿಯಾಗಳಿಂದ, ವಿಶೇಷವಾಗಿ ಹೊರ್ಮುಜ್ ಬಂದರಿನ ಮೂಲಕ, ಹಡಗುಗಳಲ್ಲಿ ಬರುತ್ತಿದ್ದವು. ವಿಜಯನಗರದ ವಶದಲ್ಲಿದ್ದ ಗೋವೆಯನ್ನು 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನು ಗೆದ್ದುಕೊಂಡನು. ಇದರಿಂದ ಕುದುರೆ ವ್ಯಾಪಾರದ ಒಂದು ಪ್ರಮುಖ ದ್ವಾರ ವಿಜಯನಗರದ ಕೈತಪ್ಪಿತು. ಬಹಮನಿ ರಾಜ್ಯ ಒಡೆದ ಮೇಲೆ ಗೋವೆಯು ಬಿಜಾಪುರದ ಆದಿಲ್ ಶಾಹಿಗಳಿಗೆ ಸೇರಿತು. ಆ ಬಳಿಕ ವಿಜಯನಗರವು ಭಟ್ಕಳ, ಹೊನ್ನಾವರ, ಬಸರೂರು ಮೊದಲಾದ ದಕ್ಷಿಣದ ಬಂದರುಗಳನ್ನೇ ಹೆಚ್ಚಾಗಿ ಅವಲಂಬಿಸಬೇಕಾಯಿತು.

ಪೋರ್ಚುಗೀಸ್ ಇತಿಹಾಸಕಾರ ಜೊವಾಂವ್ ದ ಬಾರೋಸ್ ಹೇಳುವಂತೆ, ಗೋವೆಯತ್ತ ಸಾಗುವ ಹಡಗುಗಳನ್ನು ತಡೆದು ಅವುಗಳ ಕುದುರೆಗಳು ವಿಜಯನಗರದ ಬಂದರುಗಳಿಗೇ ಬರುವಂತೆ ಮಾಡಲು ಈ ಕರಾವಳಿಯಲ್ಲಿ ನೌಕಾದಳಗಳನ್ನು ಇರಿಸಲಾಗಿತ್ತು. ತಿಮ್ಮೋಜನ ದಳವೂ ಈ ವ್ಯವಸ್ಥೆಯ ಒಂದು ಭಾಗವಾಗಿತ್ತು. ತಾನು ಗೋವೆಯಲ್ಲಿ ಹುಟ್ಟಿದವನೆಂದೂ, ಆ ಪ್ರದೇಶ ಆದಿಲ್ ಶಾಹಿಗಳ ಹಿಡಿತಕ್ಕೆ ಹೋದ ಮೇಲೆ ಅಲ್ಲಿಂದ ಹೊರಬಂದವನೆಂದೂ ಈತ ಹೇಳಿಕೊಂಡಿದ್ದನೆಂದು ತಿಳಿದುಬರುತ್ತದೆ.

ಹೊನ್ನಾವರದ ನೌಕಾದಳ

ಶರಾವತಿ ನದಿ ಸಮುದ್ರವನ್ನು ಸೇರುವ ಅಳಿವೆಯಲ್ಲಿರುವ ಹೊನ್ನಾವರವು ಆಗ ಗೇರುಸೊಪ್ಪೆಯ ಅರಸರ ಪ್ರಭಾವಕ್ಕೆ ಒಳಪಟ್ಟಿತ್ತು. ಗೇರುಸೊಪ್ಪೆಯವರು ವಿಜಯನಗರದ ಸಾಮಂತರಾಗಿದ್ದರು. ತಿಮ್ಮೋಜನ ಹಡಗುಗಳು ಹೆಚ್ಚಾಗಿ ಹುಟ್ಟುಗಳಿಂದ ಸಾಗುವ, ಆಳವಿಲ್ಲದ ನೀರಿನಲ್ಲೂ ಚಲಿಸಬಲ್ಲ ವೇಗದ ನೌಕೆಗಳಾಗಿದ್ದವು. ಅಗತ್ಯ ಬಿದ್ದಾಗ ಅವು ಅಳಿವೆಯೊಳಗೆ ಸರಿದು, ದೊಡ್ಡ ಹಡಗುಗಳು ಬರಲಾರದ ಕಡೆ ಆಶ್ರಯ ಪಡೆಯುತ್ತಿದ್ದವು.

ದುಆರ್ತೆ ಬಾರ್ಬೋಸಾ ಎಂಬ ಪೋರ್ಚುಗೀಸ್ ಬರಹಗಾರನು ತಿಮ್ಮೋಜನನ್ನು ಸ್ಥಳೀಯ ಅರಸನ ರಕ್ಷಣೆಯಲ್ಲಿದ್ದ ಕಡಲ್ಗಳ್ಳನೆಂದು ವರ್ಣಿಸಿದ್ದಾನೆ. ಅವನ ವಿವರಣೆಯ ಪ್ರಕಾರ, ಮಲಬಾರಿನ ಹಡಗುಗಳನ್ನು ಬಿಟ್ಟು ಉಳಿದ ಹಡಗುಗಳ ಸರಕನ್ನು ವಶಪಡಿಸಿಕೊಂಡು, ಅದರಲ್ಲಿ ಒಂದು ಪಾಲನ್ನು ಅರಸನಿಗೆ ಸಲ್ಲಿಸಲಾಗುತ್ತಿತ್ತು. ಅರಸನ ಅನುಮತಿಯಿಂದ ಶತ್ರುಪಕ್ಷದ ಹಡಗುಗಳನ್ನು ಸುಲಿಯುವ ಇಂಥ ಪದ್ಧತಿ ಆ ಕಾಲದ ಯೂರೋಪಿನಲ್ಲೂ ರೂಢಿಯಲ್ಲಿತ್ತು.

ಪೋರ್ಚುಗೀಸರೊಡನೆ ಸಂಘರ್ಷ

1498ರಲ್ಲಿ ವಾಸ್ಕೋ ಡ ಗಾಮನು ತಾಯ್ನಾಡಿಗೆ ಮರಳುವ ಮುನ್ನ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿದ್ದನು. ಆಗ ತಿಮ್ಮೋಜನ ಎಂಟು ನೌಕೆಗಳು ಒಂದಕ್ಕೊಂದು ಕಟ್ಟಿಕೊಂಡು, ಮೇಲೆಲ್ಲ ಮರದ ಕೊಂಬೆಗಳನ್ನು ಹೊದ್ದುಕೊಂಡು, ತೇಲುವ ನಡುಗಡ್ಡೆಯಂತೆ ಕಾಣುತ್ತ ಪೋರ್ಚುಗೀಸರತ್ತ ಸಾಗಿದವೆಂದು ಬಾರೋಸ್ ವರದಿ ಮಾಡಿದ್ದಾನೆ. ಗಾಮನಿಗೆ ಸಂಶಯ ಬಂದು ಫಿರಂಗಿ ಹಾರಿಸಲು ನೌಕೆಗಳು ಚದುರಿ ಹಿಮ್ಮೆಟ್ಟಿದವು. ಗಾಮನ ಎರಡನೆಯ ಯಾತ್ರೆಯ ಸಂದರ್ಭದಲ್ಲಿ, 1502ರಲ್ಲಿ, ಹೊನ್ನಾವರದಲ್ಲಿ ತಿಮ್ಮೋಜನ ನೌಕೆಗಳ ಮೇಲೆ ದಾಳಿ ನಡೆಯಿತೆಂದು ಗಾಸ್ಪರ್ ಕೊರೆಯ ಬರೆದಿದ್ದಾನೆ.

1505ರಲ್ಲಿ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡನು ಅಂಜದೀವದಲ್ಲಿ ಕೋಟೆಯನ್ನು ಆರಂಭಿಸಿ, ಅಲ್ಲಿಂದ ಹೊನ್ನಾವರಕ್ಕೆ ಬಂದು ಬಂದರಿನಲ್ಲಿದ್ದ ಹಡಗುಗಳನ್ನು ಸುಟ್ಟನು. ಈ ಹಂತದಲ್ಲಿ ತಿಮ್ಮೋಜನೇ ಮುಂದೆ ಬಂದು ಅರಸನ ಪರವಾಗಿ ಸಂಧಾನ ನಡೆಸಿದನು. ದೊಡ್ಡ ಫಿರಂಗಿಗಳುಳ್ಳ ಹಡಗುಗಳನ್ನು ತೆರೆದ ಸಮುದ್ರದಲ್ಲಿ ಎದುರಿಸುವುದು ತನ್ನ ದಳಕ್ಕೆ ಸಾಧ್ಯವಿಲ್ಲವೆಂಬುದು ಏಳು ವರ್ಷಗಳ ಅನುಭವದಿಂದ ಆತನಿಗೆ ಸ್ಪಷ್ಟವಾಗಿತ್ತು. ಅಲ್ಲದೆ ಗೋವೆಯ ಆದಿಲ್ ಶಾಹಿಗಳು ಇಬ್ಬರಿಗೂ ಸಮಾನ ಶತ್ರುಗಳಾಗಿದ್ದರು. ಇಲ್ಲಿಂದ ಮುಂದೆ ತಿಮ್ಮೋಜನು ಪೋರ್ಚುಗೀಸರಿಗೆ ಆಹಾರ ಸಾಮಗ್ರಿಯನ್ನೂ ಕರಾವಳಿಯ ಸುದ್ದಿಯನ್ನೂ ಒದಗಿಸುವ ಮಿತ್ರನಾದನು.

ಗೋವೆಯ ಮೊದಲ ವಶ

1509ರ ಕೊನೆಯಲ್ಲಿ ಗವರ್ನರ್ ಹುದ್ದೆಯನ್ನು ವಹಿಸಿಕೊಂಡ ಅಲ್ಬುಕರ್ಕನು 1510ರ ಆರಂಭದಲ್ಲಿ ಸುಮಾರು 23 ಹಡಗು ಹಾಗೂ 1,200 ಸೈನಿಕರೊಡನೆ ಕೊಚ್ಚಿಯಿಂದ ಹೊರಟನು. ಆತನ ಗುರಿ ಕೆಂಪು ಸಮುದ್ರವಾಗಿತ್ತು. ಹೊನ್ನಾವರದ ಆಸುಪಾಸಿನ ಕಡಲಿನಲ್ಲಿ ತಿಮ್ಮೋಜನು ಆತನನ್ನು ಭೇಟಿಯಾಗಿ, ಗೋವೆಯ ಮೇಲೆ ಏರಿಹೋಗುವಂತೆ ಒತ್ತಾಯಿಸಿದನು. ಯೂಸುಫ್ ಆದಿಲ್ ಶಾ ತೀರಿಕೊಂಡಿರುವುದು, ಉತ್ತರಾಧಿಕಾರಿ ಇಸ್ಮಾಯಿಲ್ ಇನ್ನೂ ಎಳೆಯನಾಗಿರುವುದು, ಸೋತ ಈಜಿಪ್ಟಿನ ನೌಕಾಪಡೆಯ ಸೈನಿಕರು ಗೋವೆಯಲ್ಲಿ ಸೇರಿಕೊಂಡು ಹೊಸ ಹಡಗುಗಳನ್ನು ಕಟ್ಟುತ್ತಿರುವುದು, ಅಲ್ಲಿನ ಹಿಂದೂ ನಿವಾಸಿಗಳಲ್ಲಿ ಅಸಮಾಧಾನವಿರುವುದು ಇವೇ ಆತ ಮುಂದಿಟ್ಟ ಕಾರಣಗಳು. ವೆರ್ಣೆಯ ಮ್ಹಾಳ ಪೈ ಎಂಬ ಪ್ರಮುಖನ ಕೋರಿಕೆಯಂತೆ ತಿಮ್ಮೋಜನು ಪೋರ್ಚುಗೀಸರನ್ನು ಸಂಪರ್ಕಿಸಿದನೆಂಬ ನಂಬಿಕೆ ಗೋವೆಯ ಸ್ಥಳೀಯ ಪರಂಪರೆಯಲ್ಲಿದೆ.

ತಿಮ್ಮೋಜನ ಕಡೆಯವರು ಮೊದಲು ಕಾಳಿ ನದಿಯ ಅಳಿವೆಯ ಬಳಿಯ ಸಿಂತಾಕೋರಾ ಕೋಟೆಯನ್ನು ಹಿಡಿದರು. ಬಳಿಕ ಮಾಂಡವಿ ನದಿಯಲ್ಲಿ, ಅಲ್ಬುಕರ್ಕನ ಸೋದರಳಿಯ ಅಂತೋನಿಯೊ ದ ನೊರೋನ್ಹಾ ಪಣಜಿಯ ಕೋಟೆಯನ್ನು ವಶಪಡಿಸಿಕೊಂಡರೆ, ಎದುರು ದಂಡೆಯ ಬಾರ್ದೇಸ್ ಭಾಗದ ಕಾವಲುನೆಲೆಯನ್ನು ತಿಮ್ಮೋಜನು ವಶಪಡಿಸಿಕೊಂಡನು. ಫೆಬ್ರವರಿಯಲ್ಲಿ ಗೋವೆ ನಗರವು ಹೆಚ್ಚಿನ ಹೋರಾಟವಿಲ್ಲದೆ ಶರಣಾಯಿತು.

ಗೆಲುವಿನ ಬಳಿಕ ಇಬ್ಬರ ಉದ್ದೇಶಗಳಲ್ಲಿದ್ದ ವ್ಯತ್ಯಾಸ ಬಯಲಾಯಿತು. ಪೋರ್ಚುಗೀಸರು ಕಪ್ಪಕಾಣಿಕೆ ಪಡೆದು ಗೋವೆಯ ಆಡಳಿತವನ್ನು ತನಗೆ ಒಪ್ಪಿಸುವರೆಂದು ತಿಮ್ಮೋಜನು ನಿರೀಕ್ಷಿಸಿದ್ದನು. ಅಲ್ಬುಕರ್ಕನಾದರೋ ಗೋವೆಯನ್ನು ತನ್ನ ರಾಜನ ಶಾಶ್ವತ ನೆಲೆಯಾಗಿ ಉಳಿಸಿಕೊಳ್ಳಲು ನಿರ್ಧರಿಸಿದ್ದನು. ತಿಮ್ಮೋಜನಿಗೆ ಸ್ಥಳೀಯ ಜನರ ಮೇಲಿನ ಮುಖ್ಯಾಧಿಕಾರ ಮತ್ತು ಭೂಕಂದಾಯ ವಸೂಲಿಯ ಹೊಣೆಯಷ್ಟೇ ದೊರೆತವು. ಆತನೂ ನಗರದ ಪ್ರಮುಖರೂ ಮಾಡಿದ ಕೋರಿಕೆಯ ಮೇರೆಗೆ ಗೋವೆಯಲ್ಲಿ ಪೋರ್ಚುಗೀಸ್ ಟಂಕಸಾಲೆ ಆರಂಭವಾಯಿತು.

ಸೋಲು ಮತ್ತು ಎರಡನೆಯ ವಶ

1510ರ ಮೇ ತಿಂಗಳಿನಲ್ಲಿ ಆದಿಲ್ ಶಾಹಿ ಸೇನೆಯು ಗೋವಾ ದ್ವೀಪವನ್ನು ಪ್ರವೇಶಿಸಿತು. ಪೋರ್ಚುಗೀಸರು ನಗರವನ್ನು ತೊರೆದು ಹಡಗುಗಳನ್ನೇರಿದರು. ಮುಂಗಾರಿನ ಕಾರಣ ಅಳಿವೆಯನ್ನು ದಾಟಲಾಗದೆ ಆಗಸ್ಟ್‌ವರೆಗೆ ಮಾಂಡವಿಯಲ್ಲೇ ಹಸಿವಿನಿಂದ ಬಳಲಿದರು.

ಮಳೆಗಾಲ ಮುಗಿದ ಮೇಲೆ ಅಲ್ಬುಕರ್ಕನು ಸುಮಾರು 34 ಹಡಗು ಹಾಗೂ 1,500 ಪೋರ್ಚುಗೀಸ್ ಸೈನಿಕರೊಡನೆ ಮತ್ತೆ ಉತ್ತರಕ್ಕೆ ಹೊರಟನು. ಅಲ್ಬುಕರ್ಕನ ಕುರಿತ ವೃತ್ತಾಂತಗಳ ಪ್ರಕಾರ, ಆತ ಹೊನ್ನಾವರವನ್ನು ತಲುಪಿದಾಗ ಗೇರುಸೊಪ್ಪೆಯ ರಾಣಿಯ ಮಗಳೊಡನೆ ತಿಮ್ಮೋಜನ ವಿವಾಹ ಸಮಾರಂಭ ನಡೆಯುತ್ತಿತ್ತು. ಗೋವೆಯ ರಕ್ಷಣಾ ಬಲದ ವಿವರಗಳನ್ನು ನೀಡಿದ ತಿಮ್ಮೋಜನು ತನ್ನ ಪಡೆಯನ್ನು ಕಳುಹಿಸುವುದಾಗಿಯೂ ಒಪ್ಪಿಕೊಂಡನು. ಆದರೆ ಆ ಪಡೆ ಬಂದು ಸೇರುವುದಕ್ಕೆ ಮೊದಲೇ, 1510ರ ನವೆಂಬರ್ 25ರಂದು, ಪೋರ್ಚುಗೀಸರು ನಗರವನ್ನು ಗೆದ್ದುಕೊಂಡರು. ಆ ಬಳಿಕ ಅಲ್ಬುಕರ್ಕನ ಆಜ್ಞೆಯಂತೆ ನಗರದ ಮುಸಲ್ಮಾನರ ಹತ್ಯಾಕಾಂಡ ನಡೆಯಿತು. ಸತ್ತವರ ಸಂಖ್ಯೆ ಸುಮಾರು 6,000 ಎಂದು ಅಲ್ಬುಕರ್ಕನೇ ತನ್ನ ರಾಜನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ನಗರ ಬಿದ್ದ ಮೇಲೆ ಬಂದು ಸೇರಿದ ತಿಮ್ಮೋಜನಿಗೆ ವಿಜಯದ ಕೀರ್ತಿಯಲ್ಲಿ ಹೆಚ್ಚಿನ ಪಾಲು ಸಿಗಲಿಲ್ಲ.

ಕೊನೆಯ ದಿನಗಳು

ಮುಂದಿನ ದಿನಗಳಲ್ಲಿ ತಿಮ್ಮೋಜನ ಪ್ರಭಾವ ಕುಗ್ಗಿತು. ಗೋವೆಯ ಭೂಮಿಗಳ ಕಂದಾಯ ಗುತ್ತಿಗೆಯನ್ನು ಹೊನ್ನಾವರದ ರಾಜಮನೆತನಕ್ಕೆ ಸೇರಿದ ಮಲ್ಹಾರರಾವ್ ಎಂಬವನಿಗೆ ನೀಡಲಾಯಿತು. ಪೋರ್ಚುಗೀಸ್ ಬರಹಗಳಲ್ಲಿ ಈತ ಮೆಲ್‌ರಾವ್ ಎಂದು ಕಾಣಿಸಿಕೊಳ್ಳುತ್ತಾನೆ. 1511ರಲ್ಲಿ ಅಲ್ಬುಕರ್ಕನು ಮಲಾಕ್ಕಾದತ್ತ ತೆರಳಿದ ಬಳಿಕ ಆದಿಲ್ ಶಾಹಿ ಸೇನಾನಿ ಪುಲಾದ್ ಖಾನನು ಗೋವೆಯ ಮೇಲೆ ದಂಡೆತ್ತಿ ಬಂದನು. ಅವನನ್ನು ಎದುರಿಸಿದ ಮಲ್ಹಾರರಾವ್ ಮತ್ತು ತಿಮ್ಮೋಜ ಸೋತು ವಿಜಯನಗರಕ್ಕೆ ಹೋದರು. ಆಗ ಅಲ್ಲಿ ಕೃಷ್ಣದೇವರಾಯನು ಆಳುತ್ತಿದ್ದನು. ತಿಮ್ಮೋಜನು ಅಲ್ಲಿಯೇ ಮರಣ ಹೊಂದಿದನು. ವಿಷಪ್ರಾಶನದಿಂದ ಸತ್ತನೆಂಬ ಹೇಳಿಕೆಯೂ ಇದೆ.

ಮೌಲ್ಯಮಾಪನ

ತಿಮ್ಮೋಜನ ಕುರಿತ ಮಾಹಿತಿ ಬಹುಮಟ್ಟಿಗೆ ಪೋರ್ಚುಗೀಸ್ ಮೂಲಗಳಿಂದಲೇ ಬಂದಿದೆ. ಅವುಗಳಲ್ಲಿ ಆತನ ಚಿತ್ರಣವು ಸಂಬಂಧಕ್ಕೆ ತಕ್ಕಂತೆ ಬದಲಾಗುತ್ತದೆ: ಎದುರಾಳಿಯಾಗಿದ್ದಾಗ ಕಡಲ್ಗಳ್ಳ, ನೆರವಾದಾಗ ಕಪ್ತಾನ, ಪಾಲು ಕೇಳಿದಾಗ ದುರಾಸೆಯವ. ಆದ್ದರಿಂದ ಆ ಹೆಸರುಗಳನ್ನು ಹಾಗೆಯೇ ಒಪ್ಪಿಕೊಳ್ಳುವುದು ಕಷ್ಟ. ಅರಸನ ಅನುಮತಿಯೊಡನೆ, ನಿರ್ದಿಷ್ಟ ಶತ್ರುವಿನ ವ್ಯಾಪಾರವನ್ನು ಗುರಿಯಾಗಿಸಿಕೊಂಡು, ವರ್ಷಗಟ್ಟಲೆ ಒಂದೇ ಬಂದರಿನಿಂದ ದಳವನ್ನು ನಡೆಸಿದವನನ್ನು ಸಾಮಾನ್ಯ ಕಡಲ್ಗಳ್ಳನೆಂದು ಕರೆಯುವುದು ಸರಿಯಾಗದು. ಆದರೆ ಆತನ ದಳದಿಂದ ಸುಲಿಗೆಗೊಳಗಾದ ಹಡಗುಗಳಲ್ಲಿ ಯುದ್ಧಕ್ಕೆ ಸಂಬಂಧಿಸದ ವರ್ತಕರೂ ಇದ್ದರೆಂಬುದನ್ನು ಮರೆಯುವಂತಿಲ್ಲ.

ಗೋವೆಯ ವಿಷಯದಲ್ಲಿ ಆಕ್ಷೇಪ ಇನ್ನಷ್ಟು ತೀವ್ರವಾಗಿದೆ. ಪೋರ್ಚುಗೀಸ್ ಆಳ್ವಿಕೆ ಅಲ್ಲಿ 1961ರ ಡಿಸೆಂಬರ್‌ವರೆಗೆ, ಸುಮಾರು 450 ವರ್ಷ, ಮುಂದುವರಿಯಿತು. 1540ರ ದಶಕದಲ್ಲಿ ದೇವಾಲಯಗಳ ನಾಶ ನಡೆಯಿತು; 1560ರಲ್ಲಿ ಧಾರ್ಮಿಕ ವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ಇವೆಲ್ಲಕ್ಕೂ ದಾರಿ ಮಾಡಿದವನು ತಿಮ್ಮೋಜನೆಂಬುದು ವಿಮರ್ಶಕರ ವಾದ. 1510ರಲ್ಲಿ ಪೋರ್ಚುಗೀಸರು ಕರಾವಳಿಯ ಹಲವು ಶಕ್ತಿಗಳಲ್ಲಿ ಒಂದಾಗಿದ್ದರಷ್ಟೆ. ಅವರನ್ನು ಬಳಸಿಕೊಂಡು ಹುಟ್ಟೂರನ್ನು ಮರಳಿ ಪಡೆಯುವುದು, ಕುದುರೆ ವ್ಯಾಪಾರವನ್ನು ಬಿಜಾಪುರದಿಂದ ತಪ್ಪಿಸುವುದು ಆ ಕಾಲದ ರಾಜನೀತಿಗೆ ಸಹಜವಾದ ಲೆಕ್ಕಾಚಾರವಾಗಿತ್ತೆಂಬುದು ಇನ್ನೊಂದು ಅಭಿಪ್ರಾಯ. ವಿಜಯನಗರವೂ ಅದೇ ಕಾಲದಲ್ಲಿ ಪೋರ್ಚುಗೀಸರೊಡನೆ ಸ್ನೇಹ ಬಯಸಿತ್ತೆಂಬುದು ಈ ಅಭಿಪ್ರಾಯಕ್ಕೆ ಪುಷ್ಟಿ ನೀಡುತ್ತದೆ.

ಆ ಲೆಕ್ಕಾಚಾರ ಫಲಿಸಲಿಲ್ಲ. ಕುದುರೆ ವ್ಯಾಪಾರದ ಹಿಡಿತ ಬಿಜಾಪುರದಿಂದ ವಿಜಯನಗರಕ್ಕೆ ಬರುವ ಬದಲು ಪೋರ್ಚುಗೀಸರ ಕೈಸೇರಿತು. 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯ್ದೆ ಹೊನ್ನಾವರವನ್ನೂ ಬಸರೂರನ್ನೂ ಗೆದ್ದುಕೊಂಡನು. ತಿಮ್ಮೋಜನು ಕಾದುಕೊಂಡಿದ್ದ ಅಳಿವೆಯಲ್ಲೇ ಪೋರ್ಚುಗೀಸರ ಕೋಟೆ ನಿಂತಿತು.