ಹೋಟೆಲ್ ಲಾಬಿಯಿಂದ ಒಂದು ಫೋನ್ ಕರೆ

ಊರು ಬಿಟ್ಟು ಕೆಲಸಕ್ಕೆ ಹೋದವನಿಗೆ ಶನಿವಾರದ ಸಂಜೆ ಎಷ್ಟು ಉದ್ದ ಎಂಬುದು ನಮಗೆಲ್ಲ ಗೊತ್ತು. 1935ರ ಮೇ ತಿಂಗಳ ಅಂಥದ್ದೊಂದು ಶನಿವಾರ, ಅಮೆರಿಕದ ಅಕ್ರನ್ ಎಂಬ ಊರಿನ ಮೇಫ್ಲವರ್ ಹೋಟೆಲ್ ಲಾಬಿಯಲ್ಲಿ ಬಿಲ್ ವಿಲ್ಸನ್ ಅತ್ತಿಂದಿತ್ತ ಓಡಾಡುತ್ತಿದ್ದ. ನ್ಯೂಯಾರ್ಕಿನಿಂದ ಯಾವ ವ್ಯವಹಾರಕ್ಕೆ ಬಂದಿದ್ದನೋ ಅದು ಕೈಕೊಟ್ಟಿತ್ತು. ಜೇಬು ಬಹುತೇಕ ಖಾಲಿ. ಒಂದು ಕಡೆ ಬಾರು, ಅಲ್ಲಿಂದ ಕೇಳಿಬರುವ ನಗು. ಇನ್ನೊಂದು ಕಡೆ ಫೋನು, ಊರಿನ ಚರ್ಚುಗಳ ಪಟ್ಟಿ. ಆತ ಕುಡಿತ ಬಿಟ್ಟು ಐದು ತಿಂಗಳಾಗಿತ್ತು.

ಈ ಮನುಷ್ಯನ ಬಗ್ಗೆ ನಾನು ಓದಲು ಶುರುಮಾಡಿದ್ದು ಕೊಚ್ಚಿಗೆ ಬಂದ ಮೇಲೆ. ಕಾಕ್ಕನಾಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹಾಸನದ ಕಡೆಯ ಹುಡುಗನೊಬ್ಬ ಒಂದು ದಿನ ಕ್ಯಾಂಟೀನಿನಲ್ಲಿ ದನಿ ತಗ್ಗಿಸಿ, ಇಲ್ಲಿ ಎಎ ಮೀಟಿಂಗ್ ಎಲ್ಲಿ ನಡೆಯುತ್ತೆ, ಗೊತ್ತಾ ಅಣ್ಣಾ ಎಂದು ಕೇಳಿದ್ದ. ಎಎ ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್.

ಬಿಲ್ ಹುಟ್ಟಿದ್ದು 1895ರಲ್ಲಿ, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಸಣ್ಣ ಊರಿನಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಮನೆ ಬಿಟ್ಟ, ಅಮ್ಮ ಓದಲೆಂದು ಬಾಸ್ಟನ್ನಿಗೆ ಹೋದಳು. ಸಾಕಿದ್ದು ತಾಯಿಯ ತಂದೆತಾಯಿ. ಮೊದಲ ಮಹಾಯುದ್ಧದ ಹೊತ್ತಿಗೆ ಸೈನ್ಯ ಸೇರಿದ. ನಾಲ್ಕು ಜನರ ನಡುವೆ ಮಾತಾಡಲು ಸಂಕೋಚಪಡುತ್ತಿದ್ದವನಿಗೆ ಅಲ್ಲಿನ ಪಾರ್ಟಿಯೊಂದರಲ್ಲಿ ಮೊದಲ ಗ್ಲಾಸು ನಾಲಿಗೆ ಸಡಿಲಿಸಿತು. 1918ರಲ್ಲಿ ಲೋಯಿಸ್ ಜೊತೆ ಮದುವೆ. ಗಂಡ ಹೆಂಡತಿ ಮೋಟಾರ್ ಸೈಕಲ್ಲಿನಲ್ಲಿ ಊರೂರು ಸುತ್ತಿ, ಕಂಪನಿಗಳ ಒಳಹೊರಗು ತಿಳಿದು ವಾಲ್ ಸ್ಟ್ರೀಟಿಗೆ ವರದಿ ಕಳಿಸುತ್ತಿದ್ದರು. ದುಡ್ಡು ಬಂತು, ಜೊತೆಗೇ ಕುಡಿತವೂ ಬೆಳೆಯಿತು. 1929ರಲ್ಲಿ ಷೇರುಪೇಟೆ ಕುಸಿದಾಗ ದುಡ್ಡು ಹೋಯಿತು, ಕುಡಿತ ಉಳಿಯಿತು. ಲೋಯಿಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತು ಮನೆ ನಡೆಸಿದಳು.

1934ರ ನವೆಂಬರಿನಲ್ಲಿ ಎಬಿ ಥ್ಯಾಚರ್ ಎಂಬ ಹಳೆಯ ಗೆಳೆಯ ಮನೆಗೆ ಬಂದ. ಅವನೂ ಮಹಾ ಕುಡುಕ. ಅಡುಗೆಮನೆ ಮೇಜಿನ ಮೇಲೆ ಬಿಲ್ ಗ್ಲಾಸು ಮುಂದೆ ತಳ್ಳಿದರೆ, ಎಬಿ ಬೇಡವೆಂದ. ಮರು ತಿಂಗಳು ಬಿಲ್ ಟೌನ್ಸ್ ಆಸ್ಪತ್ರೆಗೆ ಮತ್ತೆ ಸೇರಿದ, ಅಲ್ಲಿಂದಾಚೆ ಕುಡಿಯಲಿಲ್ಲ. ಕುಡಿತ ಕಾಯಿಲೆಯೇ ಹೊರತು ಚಾರಿತ್ರ್ಯದ ದೋಷವಲ್ಲ ಎಂದು ಅವನಿಗೆ ತಿಳಿಹೇಳಿದವರು ಅಲ್ಲಿನ ವೈದ್ಯ ಸಿಲ್ಕ್‌ವರ್ತ್. ಹೊರಬಂದ ಬಿಲ್ ಕಂಡಕಂಡ ಕುಡುಕರಿಗೆಲ್ಲ ಉಪದೇಶ ಮಾಡಿದ. ಐದು ತಿಂಗಳಲ್ಲಿ ಒಬ್ಬನೂ ಬಿಡಲಿಲ್ಲ. ಉಪದೇಶ ಸಾಕು, ಕಾಯಿಲೆಯ ಕಥೆ ಹೇಳು ಎಂಬ ಸಲಹೆಯೂ ಸಿಲ್ಕ್‌ವರ್ತ್ ಅವರದೇ.

ಆ ಸಂಜೆ ಬಿಲ್ ಬಾರಿನತ್ತ ಹೋಗದೆ ಫೋನ್ ಎತ್ತಿಕೊಂಡ. ಅವನಿಗೆ ಬೇಕಿದ್ದದ್ದು ವೈದ್ಯನೂ ಅಲ್ಲ, ಪಾದ್ರಿಯೂ ಅಲ್ಲ, ಇನ್ನೊಬ್ಬ ಕುಡುಕ. ಕರೆಯ ಮೇಲೆ ಕರೆ ಮಾಡಿ ಕೊನೆಗೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆ ಸಿಕ್ಕಳು. ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್‌ನನ್ನು ಮರುದಿನ ಸಂಜೆ ಐದಕ್ಕೆ ತನ್ನ ಮನೆಗೆ ಕರೆಸಿದಳು. ಹದಿನೈದು ನಿಮಿಷ ಕೂತು ಎದ್ದುಬಿಡುತ್ತೇನೆಂದು ಬಂದ ಬಾಬ್ ಎದ್ದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ. ಬಿಲ್ ಬುದ್ಧಿ ಹೇಳಲಿಲ್ಲ, ತನ್ನ ಕಥೆ ಹೇಳಿಕೊಂಡ. ಬಾಬ್ ನಡುವೆ ಒಮ್ಮೆ ಜಾರಿದರೂ ಜೂನ್ 10ರಂದು ಕೊನೆಯ ಗುಟುಕು ಕುಡಿದ. ಎಎ ಹುಟ್ಟಿದ ದಿನ ಎಂದು ಲೆಕ್ಕ ಹಿಡಿಯುವುದು ಅದನ್ನೇ.

ಕೇರಳಕ್ಕೆ ಮದ್ಯದ ವಿರುದ್ಧದ ಮಾತು ಹೊಸದಲ್ಲ. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು, ಹೆಂಡ ಇಳಿಸುವುದು ಕುಲಕಸುಬಾಗಿದ್ದ ತಮ್ಮ ಸಮುದಾಯಕ್ಕೇ ಅದು ವಿಷವೆಂದು ಹೇಳಿದ್ದರು. ಅವರು ಹುಟ್ಟಿದ ಚೆಂಬಳಂದಿ ತಿರುವನಂತಪುರದ ಟೆಕ್ನೋಪಾರ್ಕಿಗೆ ದೂರವೇನಿಲ್ಲ. ಅದು ಗುರುವಿನ ದಾರಿ. ಎಎ ಕೋಣೆಯಲ್ಲಿ ಗುರುವಿಲ್ಲ. ಎಲ್ಲರೂ ಬಾಬ್, ಎಲ್ಲರೂ ಬಿಲ್.

ಹುಡುಗನಿಗಾಗಿ ಹುಡುಕುವಾಗ ನಾನು ತಿಳಿದುಕೊಂಡದ್ದಿಷ್ಟು. ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ಗುಂಪುಗಳಿವೆ. ಸ್ಥಳ, ಸಮಯ ಬದಲಾಗುವುದರಿಂದ ಹೊರಡುವ ಮುಂಚೆ ಫೋನ್ ಮಾಡುವುದು ಒಳ್ಳೆಯದು. ಮಾತು ಹೆಚ್ಚಾಗಿ ಮಲಯಾಳದಲ್ಲಿ. ಇಂಗ್ಲಿಷ್ ಸಭೆ ಇದೆಯೇ ಎಂದು ಆಗಲೇ ಕೇಳಿಬಿಡಬೇಕು. ಓಪನ್ ಮೀಟಿಂಗಿಗೆ ಮನೆಯವರೂ ಗೆಳೆಯರೂ ಹೋಗಬಹುದು, ಕ್ಲೋಸ್ಡ್ ಮೀಟಿಂಗು ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಫೀಸಿಲ್ಲ, ಪೂರ್ತಿ ಹೆಸರು ಯಾರೂ ಕೇಳುವುದಿಲ್ಲ, ಮಾತಾಡಲೇಬೇಕೆಂದಿಲ್ಲ. ಒಂದು ಎಚ್ಚರ: ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಮೊದಲು ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446.

ನಮ್ಮ ಹುಡುಗ ಮೊದಲ ಸಲ ಹೋದಾಗ ಓಪನ್ ಮೀಟಿಂಗ್, ನಾನೂ ಜೊತೆಗಿದ್ದೆ. ಮಲಯಾಳ ಅವನಿಗೆ ಅರ್ಧ ಅರ್ಥವಾಯಿತಂತೆ. ಮುಂದಿನ ವಾರ ಒಬ್ಬನೇ ಹೋದ.

1939ರಲ್ಲಿ ಬಿಲ್ ಬರೆದ ಪುಸ್ತಕ ಬಂತು, 1951ರಲ್ಲಿ ಲೋಯಿಸ್ ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಕಟ್ಟಿದಳು. ಹಾಗೆಂದು ಬಿಲ್ ಸಂತನಾಗಲಿಲ್ಲ. ವರ್ಷಗಟ್ಟಲೆ ಖಿನ್ನತೆಯಲ್ಲಿ ನರಳಿದ, ವಿಪರೀತ ಸಿಗರೇಟು ಸೇದಿ ಶ್ವಾಸಕೋಶ ಕೆಡಿಸಿಕೊಂಡ. ಯೇಲ್ ವಿಶ್ವವಿದ್ಯಾಲಯ ಗೌರವ ಪದವಿ ಕೊಡುತ್ತೇವೆಂದಾಗ ಹೆಸರು ಹೊರಬೀಳುವುದು ಬೇಡವೆಂದು ನಿರಾಕರಿಸಿದ. 1971ರ ಜನವರಿ 24ರಂದು, ತಮ್ಮ ಮದುವೆಯ 53ನೇ ವಾರ್ಷಿಕೋತ್ಸವದ ದಿನವೇ ತೀರಿಕೊಂಡ. ಬಿಲ್ ಡಬ್ಲ್ಯೂ ಎಂದಷ್ಟೇ ಗೊತ್ತಿದ್ದವನ ಪೂರ್ತಿ ಹೆಸರು ಆಗ ಪತ್ರಿಕೆಗಳಲ್ಲಿ ಬಂತು.