ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ

ಚಾವುಂಡರಾಯನ ಕತೆಯನ್ನು ನಮ್ಮ ಭಾಗದ ಮಕ್ಕಳಿಗೆ ಹೇಳುವಾಗ ಶ್ರವಣಬೆಳಗೊಳದಿಂದ ಆರಂಭಿಸುವುದಕ್ಕಿಂತ ಬಂಕಾಪುರದಿಂದ ಆರಂಭಿಸುವುದು ಒಳ್ಳೆಯದು. ತಿಳಿದದ್ದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂದು ನಾವು ಬೋಧನಾ ಸೂತ್ರಗಳಲ್ಲಿ ಓದಿದ್ದೇವೆ. ಬಂಕಾಪುರ ಈಗ ಹಾವೇರಿ ಜಿಲ್ಲೆಯಲ್ಲಿದೆ. 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು.

ಗಂಗರ ದೊರೆ ಇಮ್ಮಡಿ ಮಾರಸಿಂಹ ರಾಜ್ಯವನ್ನು ಬಿಟ್ಟು, 975ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಆಚಾರ್ಯರ ಎದುರಿನಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹ ಬಿಟ್ಟನು. ಆಗ ಅವನ ಮಂತ್ರಿಯೂ ದಂಡನಾಯಕನೂ ಆಗಿದ್ದವನು ಚಾವುಂಡರಾಯ. ಅದು ಕಷ್ಟದ ಕಾಲ. 973ರಲ್ಲಿ ರಾಷ್ಟ್ರಕೂಟರ ಸಾಮ್ರಾಜ್ಯ ಬಿದ್ದುಹೋಗಿತ್ತು. ಅವರನ್ನೇ ನಂಬಿದ್ದ ಗಂಗರ ರಾಜ್ಯವೂ ಅಲುಗಾಡುತ್ತಿತ್ತು. ಮುಂದೆ ಪಟ್ಟಕ್ಕೆ ಬಂದ ರಾಚಮಲ್ಲನ ಕಾಲದಲ್ಲಿಯೂ ಚಾವುಂಡರಾಯನೇ ರಾಜ್ಯಕ್ಕೆ ಆಧಾರವಾಗಿ ನಿಂತನು. ನೊಳಂಬರೊಡನೆ ಗೋನೂರಿನಲ್ಲಿ ನಡೆದ ಯುದ್ಧದ ಗೆಲುವಿಗೆ ಅವನಿಗೆ ವೀರಮಾರ್ತಾಂಡ ಎಂಬ ಬಿರುದು ಬಂತು. ಸಮರ ಧುರಂಧರ, ಸಮರ ಪರಶುರಾಮ ಎಂಬವೂ ಅವನ ಬಿರುದುಗಳೇ.

ಕತ್ತಿ ಹಿಡಿದ ಕೈಯೇ ಲೇಖನಿಯನ್ನೂ ಹಿಡಿಯಿತು. 978ರಲ್ಲಿ ಅವನು 63 ಶಲಾಕಾಪುರುಷರ ಚರಿತ್ರೆಯನ್ನು ಬರೆದನು. ಅದೇ ಚಾವುಂಡರಾಯ ಪುರಾಣ. ಕವಿಗಳೆಲ್ಲ ಚಂಪುವಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಅವನು ಗದ್ಯವನ್ನು ಆರಿಸಿಕೊಂಡನು. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಶ್ರಯ ಕೊಟ್ಟವರಲ್ಲಿ ಇವನೂ ಒಬ್ಬ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಇವನಿಗಾಗಿ ಗೊಮ್ಮಟಸಾರವನ್ನು ರಚಿಸಿದರು. ಗೊಮ್ಮಟ ಎಂಬುದು ಚಾವುಂಡರಾಯನಿಗೇ ಇದ್ದ ಇನ್ನೊಂದು ಹೆಸರು.

981ರ ಸುಮಾರಿಗೆ ಅವನು ವಿಂಧ್ಯಗಿರಿಯ ಮೇಲೆ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದನು. ಅಣ್ಣ ಭರತನೊಡನೆ ಹೋರಾಡಿ, ಗೆದ್ದು, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೋದವನು ಬಾಹುಬಲಿ. ಈ ಕತೆಯನ್ನು ಪಂಪ 941ರಲ್ಲೇ ಆದಿಪುರಾಣದಲ್ಲಿ ಹೇಳಿದ್ದನು. ಪಂಪನ ತಾಯಿ ಅಬ್ಬಣಬ್ಬೆ ನಮ್ಮ ಅಣ್ಣಿಗೇರಿಯ ಮನೆತನದವಳು. ನಮ್ಮೂರ ಕಡೆಯ ಮೊಮ್ಮಗ ಅಕ್ಷರದಲ್ಲಿ ನಿಲ್ಲಿಸಿದ ಬಾಹುಬಲಿ, 40 ವರ್ಷಗಳ ನಂತರ ಕಲ್ಲಿನಲ್ಲಿ ನಿಂತನು ಎಂದರೆ ಮಕ್ಕಳ ಕಣ್ಣು ಅರಳುತ್ತದೆ.

ಪಾಠದ ಸಿದ್ಧತೆಗೆಂದು ನಾನು ಶ್ರವಣಬೆಳಗೊಳಕ್ಕೆ ಹೋಗಿ ಬಂದೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ಮೂರ್ತಿಯ ಎತ್ತರ ಸುಮಾರು 58 ಅಡಿ. ನಮ್ಮ ತರಗತಿ ಕೊಠಡಿ 11 ಅಡಿ ಎತ್ತರ ಎಂದಿಟ್ಟುಕೊಂಡರೆ, ಐದು ಕೊಠಡಿಗಳನ್ನು ಒಂದರ ಮೇಲೊಂದು ಇಟ್ಟರೂ ಸಾಲದು. ಬೆಟ್ಟದ ತುದಿಯ ಬಂಡೆಯನ್ನೇ ಕಡಿದು ಮಾಡಿದ್ದರಿಂದ ಜೋಡಣೆಯೇ ಇಲ್ಲ. ತೊಡೆಯವರೆಗೆ ಹುತ್ತದ ಆಸರೆಯಿದೆ. ಅಲ್ಲಿಂದ ಮೇಲೆ ಯಾವ ಆಸರೆಯೂ ಇಲ್ಲ. ಹುತ್ತದಿಂದ ಹಾವುಗಳು ಇಣುಕುತ್ತವೆ, ಬಳ್ಳಿ ಕಾಲುಗಳನ್ನು ಸುತ್ತಿ ತೋಳಿಗೆ ಹಬ್ಬಿದೆ. ಬಾಹುಬಲಿ ಎಷ್ಟು ಕಾಲ ಅಲುಗದೆ ನಿಂತನೆಂಬುದನ್ನು ಹುತ್ತ, ಬಳ್ಳಿಗಳಿಂದ ಹೇಳಿದ್ದಾರೆ. ಕಲ್ಲಿಗೆ ಬಲ ಕೊಟ್ಟಿರುವುದೂ ಆ ಹುತ್ತವೇ.

ತರಗತಿಯಲ್ಲಿ ಇಷ್ಟನ್ನು ಹೇಳಿದಾಗ, ಗೌಂಡಿ ಕೆಲಸ ಮಾಡುವವರ ಮಗಳೊಬ್ಬಳು ಎದ್ದು, ಇಷ್ಟನ್ನೆಲ್ಲ ಚಾವುಂಡರಾಯ ಒಬ್ಬನೇ ಕಡಿದನೇನು ಎಂದು ಕೇಳಿದಳು. ಉತ್ತರ ಮೂರ್ತಿಯ ಪಾದದ ಬಳಿಯ ಶಾಸನದಲ್ಲೇ ಇದೆ. ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಅಲ್ಲಿರುವ ಅರ್ಥ ಒಂದೇ: ಚಾವುಂಡರಾಯ ಇದನ್ನು ಮಾಡಿಸಿದನು. ಸುತ್ತಾಲಯದ ಬಗೆಗೂ ಹಾಗೆಯೇ. ಹೊಯ್ಸಳರ ದಂಡನಾಯಕ ಗಂಗರಾಜ ಮಾಡಿಸಿದನೆಂದು ಬರೆದಿದೆ. ಮಾಡಿದ ಎಂಬುದಕ್ಕೂ ಮಾಡಿಸಿದ ಎಂಬುದಕ್ಕೂ ಇರುವ ಅಂತರವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಆಮೇಲೆ ಮಾಡಿದವರು ಯಾರ್‍ಯಾರು ಇದ್ದಿರಬೇಕೆಂದು ಮಕ್ಕಳೇ ಪಟ್ಟಿ ಮಾಡಿದರು: ಕಲ್ಲುಕುಟಿಗರು, ಉಳಿ ಹದಮಾಡುವ ಕಮ್ಮಾರರು, ಅಟ್ಟ ಕಟ್ಟುವವರು, ನೀರು ಹೊರುವವರು, ಅಡಿಗೆಯವರು. ದಾರಕ್ಕೆ ತೂಕದ ಗುಂಡು ಕಟ್ಟಿ ನೆಟ್ಟಗೆ ನೋಡುವವರೂ ಬೇಕು ಎಂದು ಆ ಹುಡುಗಿಯೇ ಸೇರಿಸಿದಳು. ಗುರುತ್ವ ಬಲದ ಪಾಠಕ್ಕೆ ನನಗೊಂದು ಉದಾಹರಣೆ ಸಿಕ್ಕಿತು.

ಚಾವುಂಡರಾಯ ಗರ್ವಪಟ್ಟನೆಂದೂ, ಅವನು ತಂದ ಕೊಡಗಟ್ಟಲೆ ಹಾಲು ಮೂರ್ತಿಯನ್ನು ಪೂರ್ತಿ ತೋಯಿಸದೆ, ಗುಳ್ಳಕಾಯಜ್ಜಿಯ ಗುಳ್ಳಕಾಯಿಯಲ್ಲಿದ್ದ ಹಾಲು ತೋಯಿಸಿತೆಂದೂ ಐತಿಹ್ಯವಿದೆ. ಅಜ್ಜಿಯ ಮೂರ್ತಿ ಗೊಮ್ಮಟನ ಎದುರಿಗೇ ಇದೆ. ಶಾಸನ ಹೇಳುವುದು ಒಂದು, ಐತಿಹ್ಯ ಹೇಳುವುದು ಇನ್ನೊಂದು. ಎರಡನ್ನೂ ಹೇಳಬೇಕು, ಯಾವುದು ಯಾವುದೆಂದೂ ಹೇಳಬೇಕು. ಶಾಸನದಲ್ಲಿ ಹೆಸರು ಬರದ ಬಡವರನ್ನು ಜನ ಕತೆಯಲ್ಲಿ ಇಟ್ಟುಕೊಂಡರು ಎಂದು ನನಗೆ ಅನಿಸುತ್ತದೆ.

982ರಲ್ಲಿ ರಾಷ್ಟ್ರಕೂಟರ ಕೊನೆಯ ಅರಸು ನಾಲ್ಕನೆಯ ಇಂದ್ರನೂ ಶ್ರವಣಬೆಳಗೊಳದಲ್ಲೇ ಸಲ್ಲೇಖನದಿಂದ ತೀರಿಕೊಂಡನು. ಚಾವುಂಡರಾಯ ಗೆದ್ದ ಯುದ್ಧಗಳು ಗಂಗರಾಜ್ಯವನ್ನು ಬಹುಕಾಲ ಉಳಿಸಲಿಲ್ಲ. ರಾಜ್ಯ ಬಿಟ್ಟವನ ಮೂರ್ತಿಯಂತೂ ಉಳಿಯಿತು. ನನ್ನ ಘಟಕ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯನ್ನು ಹೀಗೆ ಇಟ್ಟೆ: ಗೊಮ್ಮಟೇಶ್ವರ ಮೂರ್ತಿಯನ್ನು ಮಾಡಿಸಿದವರು ಯಾರು? ಅದರ ಕೆಳಗೆ ಎರಡು ಅಂಕಕ್ಕೆ ಇನ್ನೊಂದು: ಮಾಡಿದವರು ಯಾರಿದ್ದಿರಬಹುದು?